‘ನೀವೇ ಓದಿಕೊಳ್ಳಿ’ ಎನ್ನುವ ಮೇಷ್ಟ್ರ ಪರವಾಗಿ

ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ಮುಖ್ಯೋಪಾಧ್ಯಾಯಿನಿಯರೇ,

ಹತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠವಿದೆ. ಅಮೀಬಾದ ವಿದಳನ, ಯೀಸ್ಟಿನ ಮೊಗ್ಗುವಿಕೆ, ಹೂವಿನ ಪರಾಗಸ್ಪರ್ಶದವರೆಗೆ ನಮ್ಮ ಮೇಷ್ಟ್ರುಗಳು ಬೋರ್ಡಿನ ತುಂಬ ಚಿತ್ರ ಬರೆದು ಸೊಗಸಾಗಿ ಪಾಠ ಮಾಡುತ್ತಾರೆ. ಮನುಷ್ಯರ ಭಾಗ ಬರುತ್ತಿದ್ದಂತೆ ದನಿ ತಗ್ಗುತ್ತದೆ. ಚಿತ್ರ ಬರೆದು ಭಾಗ ಗುರುತಿಸುವುದು ಪರೀಕ್ಷೆಗೆ ಬರುತ್ತದಲ್ಲ, ಹಾಗಾಗಿ ಅದೊಂದು ಹೇಗೋ ಮುಗಿಯುತ್ತದೆ. ಲೈಂಗಿಕ ಸೋಂಕುಗಳು, ಎಚ್‌ಐವಿ, ಕಾಂಡೋಮ್ ಎಂಬ ಪದಗಳಿರುವ ಕೊನೆಯ ಪುಟಕ್ಕೆ ಬಂದಾಗ, ‘ಇದು ಸುಲಭ ಇದೆ, ನೀವೇ ಓದಿಕೊಳ್ಳಿ’ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ.

ನಾನೂ ಸಿಬಿಝೆಡ್ ಶಿಕ್ಷಕಿ. ಆ ಮೇಷ್ಟ್ರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದು ಬಿ.ಎಸ್ಸಿ. ಓದಿದ ಯಾರಿಗೂ ಬಾಯಿಪಾಠ. ನಾಚಿಕೆಯೂ ನಾಲ್ಕು ದಿನದ್ದು, ಮಾತಾಡುತ್ತ ಮಾತಾಡುತ್ತ ಹೋಗುತ್ತದೆ. ಆ ಗಳಿಗೆಯಲ್ಲಿ ಅವರ ತಲೆಯಲ್ಲಿ ಓಡುವುದು ಬೇರೆ ಲೆಕ್ಕ. ನಾಳೆ ಬೆಳಿಗ್ಗೆ ಯಾರದೋ ಅಪ್ಪ ಗೇಟಿನ ಹತ್ತಿರ ನಿಂತು, ‘ಏನ್ರೀ ಮಾಸ್ತರ್ರ, ಹೆಣ್ಮಕ್ಕಳ ಮುಂದ ಏನ್ ಹೇಳೀರಿ?’ ಅಂತ ಕೇಳಿದರೆ ನನ್ನ ಪಕ್ಕ ಯಾರು ನಿಲ್ಲುತ್ತಾರೆ? ಇದಕ್ಕೆ ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರವನ್ನು ಇಲಾಖೆಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಕಾರ್ಯಕ್ರಮಗಳಿಗೆ ನಮ್ಮಲ್ಲಿ ಬರವಿಲ್ಲ. 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಶುರುವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬ ಮೇಷ್ಟ್ರು ಒಬ್ಬ ಮೇಡಂ, ‘ಆರೋಗ್ಯ ರಾಯಭಾರಿ’ಗಳಾಗಬೇಕು. ಒಟ್ಟು 11 ವಿಷಯಗಳು. ಪೌಷ್ಟಿಕ ಆಹಾರ, ಮಾನಸಿಕ ಆರೋಗ್ಯ, ಮಾದಕ ವ್ಯಸನ, ಇಂಟರ್‌ನೆಟ್ ಸುರಕ್ಷತೆಗಳ ಜೊತೆಗೆ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆಯೂ ಅವುಗಳಲ್ಲಿ ಒಂದು. ಕಾಗದದ ಮೇಲೆ ಒಳ್ಳೆಯ ಯೋಜನೆಯೇ. ನಡೆಯುವುದು ಹೇಗೆಂದು ನಿಮಗೂ ಗೊತ್ತು. ಓಓಡಿ ಮೇಲೆ ತರಬೇತಿಗೆ ಹೋದವರು ಮಾಡ್ಯೂಲ್ ಹಿಡಿದುಕೊಂಡು ಬರುತ್ತಾರೆ. ಅಷ್ಟರಲ್ಲಿ ಬಿಟ್ಟುಹೋದ ಪಾಠಗಳು ಗುಡ್ಡೆಯಾಗಿರುತ್ತವೆ. ಮಾಡ್ಯೂಲ್ ಬೀರುವಿಗೆ ಹೋಗುತ್ತದೆ. ಪೌಷ್ಟಿಕ ಆಹಾರದ ತರಗತಿ ನಡೆಯುತ್ತದೆ, ಕೈ ತೊಳೆಯುವುದೂ ನಡೆಯುತ್ತದೆ. ಎಚ್‌ಐವಿ ತರಗತಿಯ ಹೊತ್ತಿಗೆ ಪ್ರತಿಭಾ ಕಾರಂಜಿಯೋ ಯೂನಿಟ್ ಟೆಸ್ಟೋ ಬಂದಿರುತ್ತದೆ. ವರದಿಯಲ್ಲಿ ಮಾತ್ರ ಎಲ್ಲ ಕಾಲಮ್ಮಿಗೂ ಟಿಕ್.

ಆಮೇಲೆ ಡಿಸೆಂಬರ್ 1, ವಿಶ್ವ ಏಡ್ಸ್ ದಿನ. ಬ್ಯಾನರ್, ಘೋಷಣೆ, ಊರ ಸುತ್ತ ಜಾಥಾ, ಪ್ರತಿಜ್ಞೆ, ಫೋಟೊ, ಗ್ರೂಪಿಗೆ ಅಪ್‌ಲೋಡ್. ಜಾಥಾದಿಂದ ಕೆಡುಕೇನೂ ಇಲ್ಲ. ಆದರೆ ಬಿಸಿಲಲ್ಲಿ ‘ಏಡ್ಸ್ ತೊಲಗಿಸಿ’ ಎಂದು ಕೂಗಿ ಬಂದ ಹುಡುಗನನ್ನು ಸಂಜೆ ಕೇಳಿ ನೋಡಿ, ಎಚ್‌ಐವಿಗೂ ಏಡ್ಸಿಗೂ ಏನು ವ್ಯತ್ಯಾಸ ಅಂತ. (ಜಾಥಾದ ಮುಂದೆ ನಡೆದ ನಮ್ಮಲ್ಲಿ ಕೆಲವರನ್ನೂ ಕೇಳಬಹುದು. ಆ ಮಾತು ಬೇಡ.)

ಪಾಠದಲ್ಲಿ ಅರ್ಧ ಹೇಳಿ ಅರ್ಧ ಬಿಡುವುದು ನಮ್ಮೊಬ್ಬರ ಚಾಳಿಯಲ್ಲ. ಕೆರಿಬಿಯನ್ ಭಾಗದ ಬಹಾಮಾಸ್ ಎಂಬ ಪುಟ್ಟ ದ್ವೀಪದೇಶದಲ್ಲಿ ಆರನೇ ತರಗತಿಯ ಮಕ್ಕಳಿಗೆ ‘ಫೋಕಸ್ ಆನ್ ಯೂತ್ ಇನ್ ದಿ ಕೆರಿಬಿಯನ್’ ಎಂಬ ಎಚ್‌ಐವಿ ತಡೆ ಪಾಠಕ್ರಮವಿದೆ. ಅಲ್ಲಿನ ಶಿಕ್ಷಣ ಸಚಿವಾಲಯವೇ ಅದನ್ನು ಸರ್ಕಾರಿ ಶಾಲೆಗಳಲ್ಲಿ ಜಾರಿಗೆ ತಂದಿತು. ಸಂಶೋಧಕರು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಮುಖ್ಯ ವಿಷಯಗಳಲ್ಲಿ ಇದೊಂದು: ಮೇಷ್ಟ್ರ ಕೈಗೆ ಕೊಟ್ಟ ಪಾಠ ತರಗತಿಗೆ ಎಷ್ಟು ತಲುಪುತ್ತದೆ? ಮುಖ್ಯ ಚಟುವಟಿಕೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ತಲುಪುತ್ತಿತ್ತು. ತರಬೇತಿಗೆ ಪೂರ್ತಿ ಕೂತವರು, ಈ ವಿಷಯ ಮಾತಾಡಲು ಮುಜುಗರವಿಲ್ಲದವರು ಹೆಚ್ಚು ಕಲಿಸಿದರು. ಮುಖ್ಯಸ್ಥರು ತಮ್ಮ ಬೆನ್ನಿಗಿದ್ದಾರೆ ಎಂಬ ನಂಬಿಕೆಗೂ ಇದರಲ್ಲಿ ಪಾತ್ರವಿತ್ತು. ಹೆಚ್ಚು ಕಲಿಸಿದ ತರಗತಿಗಳ ಮಕ್ಕಳಲ್ಲಿ ಫಲವೂ ಹೆಚ್ಚು ಕಂಡಿತು. ಮುಂದೆ ಅಲ್ಲಿಯವರು ಅನುಭವಿ ಶಿಕ್ಷಕರನ್ನೇ ಮಾರ್ಗದರ್ಶಕರಾಗಿ ಜೊತೆಗೆ ಕೊಟ್ಟು, ಎರಡು ವಾರಕ್ಕೊಮ್ಮೆ ‘ಎಲ್ಲಿವರೆಗೆ ಬಂತು, ಎಲ್ಲಿ ಸಿಕ್ಕಿಕೊಂಡಿರಿ’ ಎಂದು ವಿಚಾರಿಸುವ ಏರ್ಪಾಡು ಮಾಡಿದರು. ಕಲಿಸುವ ಪ್ರಮಾಣ ಏರಿತು. ಅದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ, ಸ್ಮಾರ್ಟ್ ಬೋರ್ಡೂ ಬೇಕಾಗಲಿಲ್ಲ.

ಅರ್ಧ ಕಲಿಸಿದರೆ ಅರ್ಧ ಲಾಭವಾದರೂ ಇದೆಯಲ್ಲ ಎನ್ನಬಹುದು. ಬಿಟ್ಟುಹೋಗುವ ಅರ್ಧ ಯಾವುದು ಎಂಬುದರಲ್ಲಿ ಎಲ್ಲ ಇದೆ. ವೈರಸ್ಸಿನ ಚಿತ್ರ, ವಿಸ್ತೃತ ರೂಪ, ಬಿಳಿ ರಕ್ತಕಣಗಳ ಕಥೆ ಎಂದೂ ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವುದು ಮಕ್ಕಳು ಬಾಯಿಬಿಡಬೇಕಾದ ಭಾಗ. ಇಬ್ಬರು ಎದುರುಬದುರು ನಿಂತು ಒತ್ತಾಯಕ್ಕೆ ‘ಬೇಡ’ ಎಂದು ಹೇಳುವ ಪಾತ್ರಾಭಿನಯ, ಗುಂಪು ಚರ್ಚೆ, ಪ್ರಶ್ನೆ ಪೆಟ್ಟಿಗೆ, ರಕ್ಷಣೆಯ ಬಗೆಗಿನ ನೇರ ಮಾತು. ಇವುಗಳಿಂದ ಗದ್ದಲವಾಗುತ್ತದೆ, ನಗು ಬರುತ್ತದೆ, ಪಕ್ಕದ ತರಗತಿಯವರು ಇಣುಕುತ್ತಾರೆ. ಮಗುವಿನ ನಡವಳಿಕೆಯನ್ನು ಮುಟ್ಟುವುದೂ ಇವೇ. ಇವನ್ನು ತೆಗೆದ ಮೇಲೆ ಉಳಿಯುವುದು ಎರಡು ಅಂಕದ ಪ್ರಶ್ನೆಗೆ ಉತ್ತರ, ಅಷ್ಟೆ.

ಹಿರಿಯ ಶಿಕ್ಷಕರ ಹಿಂಜರಿಕೆಗೆ ಇನ್ನೊಂದು ಕಾರಣವಿದೆ, ಅದನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. 2005ರ ಸುಮಾರಿಗೆ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ (ನ್ಯಾಕೊ) ಸೇರಿ ಹದಿಹರೆಯ ಶಿಕ್ಷಣ ಕಾರ್ಯಕ್ರಮ ತಂದವು. ಸಾಮಗ್ರಿಯಲ್ಲಿದ್ದ ಚಿತ್ರಗಳ ಬಗ್ಗೆ, ಸಂಸ್ಕೃತಿಯ ಬಗ್ಗೆ ದೊಡ್ಡ ಗಲಾಟೆಯಾಯಿತು. 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನ ಜೊತೆ ಕರ್ನಾಟಕವೂ ಅದನ್ನು ನಿಲ್ಲಿಸಿತು. ಎರಡು ವರ್ಷದ ನಂತರ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣವೇ ಬೇಡವೆಂದು ವರದಿ ಕೊಟ್ಟಿತು. ಆ ಕಾಲದಲ್ಲಿ ಸರ್ಕಾರವೇ ಕರೆದು ತರಬೇತಿ ಕೊಟ್ಟ ಮೇಷ್ಟ್ರುಗಳು ರಾತ್ರಿ ಬೆಳಗಾಗುವುದರೊಳಗೆ ಏನೋ ಕೆಟ್ಟದ್ದನ್ನು ಕಲಿಸಲು ಹೊರಟವರಂತಾದರು. ಆ ನೆನಪು ಸ್ಟಾಫ್ ರೂಮಿನಲ್ಲಿ ಇನ್ನೂ ಇದೆ. ಹೊಸದಾಗಿ ಬಂದವರಿಗೆ ಅದು ಬುದ್ಧಿಮಾತಾಗಿ ದಾಟುತ್ತದೆ: ‘ಸುಮ್ಮನೆ ಇರು, ನಾಳೆ ಮೇಲಿನವರು ಕೈ ಎತ್ತಿದರೆ ನೀನೊಬ್ಬನೇ ಸಿಕ್ಕಿಬೀಳೋದು.’ ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅನುಭವ ಕಲಿಸಿದ್ದನ್ನೇ ಅವರು ಹೇಳುತ್ತಿದ್ದಾರೆ. ಹೊಸ ಸುತ್ತೋಲೆಯೊಂದರಿಂದ ಅದು ಅಳಿಯುವುದಿಲ್ಲ. ‘ಕೇಳಲು ಬಂದವರು ಮೊದಲು ನನ್ನ ಕೋಣೆಗೆ ಬರಲಿ’ ಎಂದು ನೀವು ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದರೆ ಅಳಿಯಬಹುದು.

ಇಂಥದ್ದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆ ಪೋಷಕರಲ್ಲಿದೆ, ನಿಮ್ಮಲ್ಲೂ ಕೆಲವರಿಗೆ ಇದ್ದೀತು. ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗಸೂಚಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದೆ. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಆ ದಾರಿ ಹಿಡಿಯುವುದಿಲ್ಲ ಎಂಬುದೇ ಅಲ್ಲಿ ಕಂಡದ್ದು. ನಾವು ಹೇಳದಿದ್ದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂಬ ಕಾಲವೂ ಹೋಯಿತು. ಒಂಬತ್ತನೇ ತರಗತಿಯ ಹುಡುಗನ ಕೈಯಲ್ಲಿ ಅಣ್ಣನ ಮೊಬೈಲ್ ಇದೆ. ಅಲ್ಲಿ ಅವನು ನೋಡುವುದಕ್ಕೆ ಮಾಡ್ಯೂಲ್ ಇಲ್ಲ, ಮೇಷ್ಟ್ರೂ ಇಲ್ಲ.

ಪ್ರಶ್ನೆ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಈ ಇಡೀ ಕಾರ್ಯಕ್ರಮದ ಜೀವ ಅದರಲ್ಲಿದೆ ಎಂದು ನನಗನ್ನಿಸುತ್ತದೆ. ಹಳೆಯ ರಟ್ಟಿನ ಡಬ್ಬಿಗೆ ಒಂದು ಸೀಳು ಹಾಕಿದರೆ ಮುಗಿಯಿತು. ಹೆಸರು ಬರೆಯಬೇಕಿಲ್ಲ. ಚೀಟಿಗಳಲ್ಲಿ ಬರುವ ಪ್ರಶ್ನೆಗಳು ನಾವು ಹೆದರುವಷ್ಟು ಅಶ್ಲೀಲವಾಗಿರುವುದಿಲ್ಲ. ‘ಸೊಳ್ಳಿ ರಕ್ತ ಕುಡೀತದಲ್ರೀ, ಅದರಿಂದ ಯಾಕ ಬರೂದಿಲ್ಲ?’ ಎಂದು ಒಬ್ಬರು ಕೇಳುತ್ತಾರೆ. ವಿಜ್ಞಾನ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಸೊಳ್ಳೆಯ ಮೈಯಲ್ಲಿ ಈ ವೈರಸ್ ಬೆಳೆಯಲಾರದು, ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಸೊಳ್ಳೆ ಕಚ್ಚುವಾಗ ಒಳಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ ಎಂದು ಹೇಳುವಾಗ ಇಡೀ ತರಗತಿ ಕಿವಿಗೊಡುತ್ತದೆ. ‘ಜಾತ್ರ್ಯಾಗ ಹಚ್ಚಿ ಹಾಕಿಸ್ಕೊಂಡ್ರ ಬರ್ತದೇನು?’ ಎಂದು ಇನ್ನೊಬ್ಬರು. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಅಪಾಯ ಇದ್ದೇ ಇದೆ, ಹೊಸ ಸೂಜಿ ಕೇಳಿ ಪಡೆಯಬೇಕು. ಮಾಡ್ಯೂಲ್ ಬರೆದವರಿಗೆ ನಮ್ಮ ಜಾತ್ರೆಯ ಹಚ್ಚೆಯಂಗಡಿ ಗೊತ್ತಿರಲಿಕ್ಕಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿದೆ.

ನಡುವೆ ಒಂದು ಚೀಟಿ ಬರುತ್ತದೆ: ‘ಅವ್ವಗ ಇದ್ರ ಮಗಳಿಗೂ ಇರ್ತದೇನ್ರೀ?’ ಬರೆದವರು ಯಾರೆಂದು ಹುಡುಕಬಾರದು. ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಸಂಖ್ಯೆ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ದೇಶದಲ್ಲೇ ಹೆಚ್ಚು. ಬಾಗಲಕೋಟೆ, ಬೆಳಗಾವಿ ಕಡೆಯ ಊರುಗಳಲ್ಲಿ ತಂದೆತಾಯಿಯನ್ನು ಈ ಕಾಯಿಲೆಗೆ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಅಂಥ ಮಗು ಕೂತಿರುವ ತರಗತಿಯಲ್ಲಿ ತಲೆಬುರುಡೆಯ ಚಿತ್ರ ತೋರಿಸಿ ‘ಏಡ್ಸ್ ಅಂದರೆ ಸಾವು’ ಎಂದರೆ ಏನಾಗುತ್ತದೆ ಯೋಚಿಸಿ. ಅದು ಕ್ರೂರ, ಜೊತೆಗೆ ಸುಳ್ಳು. ನಮ್ಮ ದೇಶದಲ್ಲಿ 2004ರಿಂದ ಈ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ದಿನವೂ ತಪ್ಪದೆ ತೆಗೆದುಕೊಂಡರೆ ಹೆಚ್ಚುಕಡಿಮೆ ಎಲ್ಲರಂತೆಯೇ ಆಯಸ್ಸು. ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಗರ್ಭಿಣಿಗೆ ಸಮಯಕ್ಕೆ ಔಷಧ ಸಿಕ್ಕರೆ ಮಗುವಿಗೆ ತಗಲುವ ಸಾಧ್ಯತೆಯನ್ನು ಶೇ 5ಕ್ಕಿಂತ ಕೆಳಗಿಳಿಸಬಹುದು. ಆ ಚೀಟಿಗೆ ಉತ್ತರ ಇದು. ಇದನ್ನು ಇಡೀ ತರಗತಿಗೆ ಸಮಾಧಾನವಾಗಿ ಹೇಳಿದರೆ ಕೇಳಬೇಕಾದ ಮಗುವಿಗೂ ಕೇಳಿಸುತ್ತದೆ.

ಕಾನೂನೂ ಇಲ್ಲಿ ನಿಮ್ಮನ್ನೇ ನೋಡುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ, ಬೇರೆ ಕೂರಿಸುವಂತಿಲ್ಲ. ಯಾರಿಗಿದೆ ಎಂಬುದನ್ನು ಒಪ್ಪಿಗೆಯಿಲ್ಲದೆ ಹೊರಗೆ ಬಿಡುವಂತಿಲ್ಲ. ಬಿಸಿಯೂಟದ ಸಾಲಿನಲ್ಲಿ ‘ಆ ಹುಡುಗಿಯ ತಟ್ಟೆ ಬೇರೆ ಇಡ್ರಿ’ ಎಂದು ಯಾರೋ ಪಿಸುಗುಟ್ಟಿದರೆ ಅದನ್ನು ಅಲ್ಲೇ ನಿಲ್ಲಿಸುವ ಅಧಿಕಾರ ಸಹಶಿಕ್ಷಕರಿಗಿಂತ ನಿಮಗೆ ಹೆಚ್ಚು.

ಪೆಟ್ಟಿಗೆಯೊಳಗೆ ಇದಕ್ಕಿಂತ ಭಾರದ ಚೀಟಿಯೂ ಬರಬಹುದು. ಮನೆಯವರಿಂದ, ನೆಂಟರಿಂದ ಆಗುತ್ತಿರುವ ಲೈಂಗಿಕ ಹಿಂಸೆಯ ಸುಳಿವು. ಶಿಕ್ಷಕರು ಈ ತರಗತಿಗೆ ಅಂಜುವುದು ಹೆಚ್ಚಾಗಿ ಇದಕ್ಕೇ. ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದ ಮೇಲೆ ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆ. ಪೊಲೀಸು, ಹೇಳಿಕೆ, ಊರಿನ ದ್ವೇಷ, ಇಷ್ಟನ್ನೂ ಬಾಡಿಗೆ ಮನೆಯಲ್ಲಿ ಒಬ್ಬಂಟಿಯಾಗಿರುವ ಹೊಸ ಶಿಕ್ಷಕಿ ಹೇಗೆ ಹೊತ್ತಾಳು? ಹಾಗಾಗಿ ಮೊದಲ ಚೀಟಿ ಪೆಟ್ಟಿಗೆಗೆ ಬೀಳುವ ಮುಂಚೆಯೇ ಇದು ತೀರ್ಮಾನವಾಗಿರಬೇಕು: ಅಂಥದ್ದು ಬಂದ ದಿನವೇ ನೀವೂ ಆ ಶಿಕ್ಷಕಿಯೂ ಒಟ್ಟಿಗೆ ಕೂರುತ್ತೀರಿ, ಮಕ್ಕಳ ಸಹಾಯವಾಣಿ 1098ಕ್ಕೆ ನಿಮ್ಮೆದುರೇ ಕರೆ ಹೋಗುತ್ತದೆ, ಠಾಣೆಗೆ ಹೋಗಬೇಕಾದರೆ ನೀವೂ ಹೋಗುತ್ತೀರಿ.

ನಿಮ್ಮ ಮೇಲಿನ ಹೊರೆ ಗೊತ್ತಿಲ್ಲದೆ ಬರೆಯುತ್ತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನೋಟಿಸು ನಿಮಗೆ, ಹಾಲಿನ ಪುಡಿಯ ಲೆಕ್ಕ ನಿಮ್ಮದು, ಶೌಚಾಲಯದ ಬಾಗಿಲು ಮುರಿದರೂ ನಿಮ್ಮನ್ನೇ ಕೇಳುತ್ತಾರೆ. ಇದರ ಮೇಲೆ ಇನ್ನೊಂದು ದಾಖಲೆ ಪುಸ್ತಕ ಇಡಿ ಎಂದು ನಾನು ಹೇಳುವುದಿಲ್ಲ. ಬೇಕಾದ್ದು ಒಂದು ಪೀರಿಯಡ್. ಟೈಮ್‌ಟೇಬಲ್ಲಿನಲ್ಲಿ ಹೆಸರು ಹಾಕಿ ಬರೆದದ್ದು, ಗಣಿತದವರು ಸ್ಪೆಷಲ್ ಕ್ಲಾಸಿಗೆ ಕೇಳಿದರೂ ಕೊಡದೇ ಇರುವಂಥದ್ದು. ಮತ್ತೆ ಹದಿನೈದು ದಿನಕ್ಕೊಮ್ಮೆ ಚಹಾದ ಹೊತ್ತಿನಲ್ಲಿ ‘ಆರೋಗ್ಯ ರಾಯಭಾರಿ’ಗಳಾದ ಆ ಇಬ್ಬರು ಶಿಕ್ಷಕರ ಜೊತೆ ಕಾಲು ಗಂಟೆ. ಅಲ್ಲಿ ‘ಮುಗೀತಾ?’ ಎಂದು ಕೇಳಿದರೆ ‘ಮುಗೀತು ಸರ್’ ಎಂಬ ಉತ್ತರವೇ ಬರುವುದು. ‘ಯಾವುದನ್ನು ಬಿಟ್ಟಿರಿ? ಯಾಕೆ?’ ಎಂದು ಕೇಳಿ. ಸಿಟ್ಟಿಲ್ಲದೆ ಕೇಳಿದರೆ ನಿಜ ಹೊರಬರುತ್ತದೆ. ಪಾತ್ರಾಭಿನಯಕ್ಕೆ ಹುಡುಗ ಹುಡುಗಿಯರನ್ನು ಒಟ್ಟಿಗೆ ನಿಲ್ಲಿಸಲು ಧೈರ್ಯವಾಗಲಿಲ್ಲ ಎನ್ನಬಹುದು. ಹಾಗಾದರೆ ಮೊದಲ ಸಲ ಬೇರೆಬೇರೆ ಮಾಡಿಸಿ ಎನ್ನಿ. ಆದರೆ ಮಾಡಿಸಿ. ಕಥೆಯ ಊರು, ಹೆಸರು, ಭಾಷೆ ಬದಲಾಯಿಸಿಕೊಂಡರೆ ಪಾಠಕ್ಕೆ ಏನೂ ಆಗುವುದಿಲ್ಲ, ಇನ್ನೂ ಚೆನ್ನಾಗುತ್ತದೆ. ಚಟುವಟಿಕೆಯನ್ನೇ ತೆಗೆದು ಅದರ ಜಾಗದಲ್ಲಿ ನೀತಿಬೋಧೆ ಇಟ್ಟರೆ ಪಾಠವೇ ಹೋಯಿತು.

ವರ್ಗಾವಣೆಯದ್ದೂ ಒಂದು ಕಾಟ. ತರಬೇತಾದವರು ಕೌನ್ಸೆಲಿಂಗಿನಲ್ಲಿ ಬೇರೆ ತಾಲ್ಲೂಕು ಹಿಡಿದು ಹೋಗುತ್ತಾರೆ, ಮಾಡ್ಯೂಲೂ ಅವರ ಚೀಲದಲ್ಲಿ ಹೋಗುತ್ತದೆ. ಆ ಜಾಗಕ್ಕೆ ಬರುವ ಅತಿಥಿ ಶಿಕ್ಷಕರಿಗೆ ಯಾರೂ ಏನೂ ಹೇಳಿರುವುದಿಲ್ಲ. ಚಾರ್ಜ್ ಕೊಡುವಾಗ ಲ್ಯಾಬಿನ ಸಾಮಾನಿನ ಪಟ್ಟಿಯ ಜೊತೆ ಇದನ್ನೂ ಕೇಳಿ ಪಡೆಯಿರಿ. ನಿಮ್ಮ ಕ್ಲಸ್ಟರಿನಲ್ಲಿ ಈ ಪಾಠವನ್ನು ಅಳುಕದೆ ಮಾಡುವ ಒಬ್ಬ ಮೇಡಮ್ಮೋ ಸರ್ರೋ ಇದ್ದೇ ಇರುತ್ತಾರೆ. ಅವರ ತರಗತಿಯಲ್ಲಿ ನಿಮ್ಮವರು ಹೋಗಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಬರಲಿ. ತರಬೇತಿಯಲ್ಲಿ ಪಿಪಿಟಿ ನೋಡಿ ಬಾರದ ಧೈರ್ಯ ಅಲ್ಲಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದ್ದುದನ್ನು ಇದ್ದಂತೆ ಕಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಪಶ್ಚಿಮ ಕೀನ್ಯಾದಲ್ಲಿ ಸರ್ಕಾರದ ಎಚ್‌ಐವಿ ಪಾಠಕ್ರಮಕ್ಕೆ ಶಿಕ್ಷಕರನ್ನು ತಯಾರು ಮಾಡಿದರು. ಮದುವೆಯವರೆಗೆ ಸಂಯಮ ಎಂಬುದೇ ಅದರ ಮುಖ್ಯ ಮಾತು. ಹುಡುಗಿಯರು ಹದಿಹರೆಯದಲ್ಲೇ ಗರ್ಭಿಣಿಯರಾಗುವುದು ಅದರಿಂದ ಹೆಚ್ಚೇನೂ ತಗ್ಗಲಿಲ್ಲ. ಇನ್ನು ಕೆಲವು ಶಾಲೆಗಳಿಗೆ ಹೊರಗಿನಿಂದ ಒಬ್ಬರು ಬಂದು, ಯಾವ ವಯಸ್ಸಿನ ಗಂಡಸರಲ್ಲಿ ಸೋಂಕು ಎಷ್ಟಿದೆ ಎಂಬ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು 40 ನಿಮಿಷ ಮಾತಾಡಿ ಹೋದರು. ವಯಸ್ಸಾದವರ ಜೊತೆಗಿನ ಸಂಬಂಧ ಎಷ್ಟು ಅಪಾಯ ಎಂಬುದು ಹುಡುಗಿಯರ ಕಣ್ಣಿಗೆ ಕಂಡಿತು. ಆ ಶಾಲೆಗಳಲ್ಲಿ ಗರ್ಭಧಾರಣೆ ಶೇ 28ರಷ್ಟು ಇಳಿಯಿತು ಎಂದು ಪ್ಯಾಸ್ಕಲಿನ್ ದ್ಯುಪಾ ಎಂಬ ಅರ್ಥಶಾಸ್ತ್ರಜ್ಞೆ 2011ರಲ್ಲಿ ಪ್ರಕಟಿಸಿದರು. ನಮ್ಮ ಮಾಡ್ಯೂಲುಗಳಲ್ಲೂ ಮಾತು ತೊದಲುವ ಜಾಗಗಳಿವೆ. ಅಂಥಲ್ಲಿ ಶಿಕ್ಷಕರು ಬಂದು ‘ಇಲ್ಲಿ ಹೇಳಿರುವುದು ಸಾಲದು ಸರ್, ಮಕ್ಕಳು ಇನ್ನೂ ಕೇಳುತ್ತಾರೆ’ ಎಂದರೆ ಅದನ್ನು ಡಯಟ್‌ಗೆ ಬರೆದು ಕಳಿಸಿ. ಕಾಯುವ ಹೊತ್ತಿನಲ್ಲಿ ಪಿಎಚ್‌ಸಿ ವೈದ್ಯರನ್ನೋ ಎಚ್‌ಐವಿ ಪರೀಕ್ಷೆ ನಡೆಸುವ ಐಸಿಟಿಸಿ ಕೇಂದ್ರದ ಆಪ್ತಸಮಾಲೋಚಕರನ್ನೋ ಕರೆಸಿ. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ ಈ ವಯಸ್ಸಿನವರಿಗಾಗಿ. ಅದರ ಬೋರ್ಡು ನೋಡಿದ ಮಕ್ಕಳು ಎಷ್ಟು ಮಂದಿ ಇದ್ದಾರೋ! ಎಚ್‌ಐವಿ ಬಗ್ಗೆ ಕೇಳಲು 1097 ಉಚಿತ ಸಹಾಯವಾಣಿ ಇದೆ. ಅದನ್ನು ನೋಟಿಸ್ ಬೋರ್ಡಿನ ಮೇಲೆ ಬರೆಸಲು ಯಾರ ಅನುಮತಿಯೂ ಬೇಡ.

ಕೊನೆಗೆ ಪೋಷಕರ ವಿಷಯ. ಎಸ್‌ಡಿಎಂಸಿಗೆ ಮೊದಲೇ ತಿಳಿಸಿದರೆ ಗಲಾಟೆಯಾಗುತ್ತದೆ, ಸದ್ದಿಲ್ಲದೆ ಮುಗಿಸಿಬಿಡೋಣ ಎಂಬ ಸಲಹೆ ನಿಮಗೆ ಬರುತ್ತದೆ. ಕೇಳಬೇಡಿ. ಸದ್ದಿಲ್ಲದೆ ಮಾಡಿದ್ದು ಹೊರಬಿದ್ದಾಗಲೇ ಗಲಾಟೆ ದೊಡ್ಡದಾಗುವುದು, ಪೆಟ್ಟು ಬೀಳುವುದು ಶಿಕ್ಷಕರಿಗೆ. ಜೂನ್ ಅಥವಾ ಜುಲೈ ಸಭೆಯಲ್ಲಿ ಮಾಡ್ಯೂಲನ್ನು ಮೇಜಿನ ಮೇಲಿಡಿ, ತಾಯಂದಿರ ಕೈಗೆ ಕೊಡಿ, ಯಾವ ತರಗತಿಗೆ ಏನು ಹೇಳುತ್ತೇವೆ ಎಂದು ನೀವೇ ಓದಿ ಹೇಳಿ. ಓದು ಬಾರದ ತಾಯಿಯೇ ಮೊದಲು ‘ಹೇಳ್ರಿ, ನಮಗಂತೂ ಯಾರೂ ಹೇಳ್ಲಿಲ್ಲ’ ಎಂದಾರು. ಒಪ್ಪದವರೂ ಇರುತ್ತಾರೆ, ಅವರ ಮಾತೂ ನಡಾವಳಿಯಲ್ಲಿ ಬರಲಿ. ನಿರ್ಣಯದ ಕೆಳಗೆ ಮೊದಲ ಸಹಿ ನಿಮ್ಮದಿರಲಿ, ಒಂದು ಪ್ರತಿಯನ್ನು ಆ ಇಬ್ಬರು ಶಿಕ್ಷಕರಿಗೆ ಕೊಡಿ.

ಇಂತು ನಿಮ್ಮ ವಿಶ್ವಾಸಿ,
ಒಬ್ಬ ಸಿಬಿಝೆಡ್ ಶಿಕ್ಷಕಿ